ಅಮೀರಬಾಯಿ ಕರ್ನಾಟಕಿ: ಹಾಡು, ಪ್ಲೇಟು, ಸಿನಿಮಾ – ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ, ಬಾಗಲಕೋಟೆ ಕಡೆ ಹಳೇ ಹಾಡಿನ ಮಾತು ಬಂದರೆ ಯಾರಾದರೊಬ್ಬರು ಹಿಂದಿ ಸಿನಿಮಾದ ಹಳೇ ಗಾಯಕಿ, ನಟಿ ಅಮೀರಬಾಯಿ ಹೆಸರು ತೆಗೆಯುತ್ತಾರೆ. "ನಮ್ಮೂರ ಹೆಣ್ಣುಮಗಳು, ಮುಂಬೈನ್ಯಾಗ ಭಾಳ ದೊಡ್ಡ ಹೆಸರು ಮಾಡಿದ್ಲು" ಅನ್ನುತ್ತಾರೆ. ಹಾಗಾದರೆ ಯಾವ ಹಾಡು ಅಂತ ಕೇಳಿದರೆ ಒಂದೋ ಎರಡೋ ಹೇಳಿ ಸುಮ್ಮನಾಗುತ್ತಾರೆ. ಹೆಸರು ಉಳಿದಿದೆ, ಹಾಡು ಮರೆಯಾಗುತ್ತಿದೆ. ಅದಕ್ಕೇ ಇಲ್ಲಿ ಬದುಕಿನ ಕಥೆಗಿಂತ ರೆಕಾರ್ಡಿನ ಕಥೆ ಜಾಸ್ತಿ. ಪ್ಲೇಟು ಅಂದರೆ ಗ್ರಾಮಫೋನ್ ರೆಕಾರ್ಡು.

ಅಮೀರಬಾಯಿ ಎಲ್ಲಿಯವರು? ವಿಜಯಪುರವಾ, ಬಾಗಲಕೋಟೆಯಾ?

ಹುಟ್ಟಿದ್ದು ಬೀಳಗಿಯಲ್ಲಿ. ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯ ತಾಲ್ಲೂಕು. ಆದರೆ ಬಾಗಲಕೋಟೆ ಪ್ರತ್ಯೇಕ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕೂ ಮೊದಲು ಅದೆಲ್ಲ ವಿಜಾಪುರ ಜಿಲ್ಲೆ. ಆಕೆಯ ಕಾಲದಲ್ಲಂತೂ ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿತ್ತು. ಹಾಗಾಗಿ ಎರಡೂ ಜಿಲ್ಲೆಯವರು ನಮ್ಮವಳು ಅಂದರೆ ಇಬ್ಬರದೂ ಸರಿ. ಜಗಳ ಬೇಡ.

ಇನ್ನೊಂದು ವಿಷಯ. ಇಲ್ಲಿನ ಕಲಾವಿದರು ಬೆಂಗಳೂರು, ಮೈಸೂರು ಬಿಟ್ಟು ಮುಂಬೈ, ಪುಣೆ ಕಡೆ ಹೋದದ್ದನ್ನು ಕೆಲವರು ಏನೋ ಬೇರೆ ದೇಶಕ್ಕೆ ಹೋದಂತೆ ಹೇಳುತ್ತಾರೆ. ಆಗ ರಾಜಧಾನಿಯೇ ಮುಂಬೈ. ಕಚೇರಿ ಕೆಲಸವಿರಲಿ, ನಾಟಕವಿರಲಿ, ರೆಕಾರ್ಡಿಂಗ್ ಇರಲಿ, ನಮ್ಮ ಮಂದಿಗೆ ಹತ್ತಿರದ ದೊಡ್ಡ ಊರು ಅದೇ.

ಗೌಹರ್ ಅನ್ನುವವರು ಇವರ ಅಕ್ಕನಾ? ಗ್ರಾಮಫೋನಿಗೆ ಮೊದಲು ಹಾಡಿದ ಗೌಹರ್ ಜಾನ್ ಅವರೇನಾ?

ಅಲ್ಲ. ಈ ಗೊಂದಲ ಎಲ್ಲ ಕಡೆ ಇದೆ. ಒಟ್ಟು ಮೂವರು ಗೌಹರ್ ಇದ್ದಾರೆ, ಮೂವರೂ ಹೆಸರುವಾಸಿಗಳೇ.

ಮೊದಲನೆಯವರು ಕಲ್ಕತ್ತದ ಗೌಹರ್ ಜಾನ್. 1902ರಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದವರು ಇವರು. ಪ್ಲೇಟಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ತಾವೇ ಹೇಳುತ್ತಿದ್ದರು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಕರ್ನಾಟಕದ ಈ ನಂಟಿನಿಂದಲೇ ಗೊಂದಲ ಇನ್ನೂ ಹೆಚ್ಚಾಗಿದೆ.

ಎರಡನೆಯವರು ಮಿಸ್ ಗೌಹರ್. ಮೂಕಿ ಚಿತ್ರದ ಕಾಲದ ತಾರೆ. ಚಂದೂಲಾಲ್ ಶಾ ಜೊತೆ ಸೇರಿ ರಂಜಿತ್ ಸ್ಟುಡಿಯೋ ಕಟ್ಟಿದವರು.

ಮೂರನೆಯವರು ನಮ್ಮ ಗೌಹರಬಾಯಿ ಕರ್ನಾಟಕಿ, ಅಮೀರಬಾಯಿಯ ಅಕ್ಕ. ಮರಾಠಿ ರಂಗಭೂಮಿಯ ದೊಡ್ಡ ನಟ ಬಾಲಗಂಧರ್ವರ ಕಂಪನಿಯಲ್ಲಿ ನಾಯಕಿಯಾಗಿ ಹಾಡಿದರು. ಮುಂದೆ ಅವರ ಬಾಳಸಂಗಾತಿಯೂ ಆದರು. ಸ್ತ್ರೀಪಾತ್ರ ಮಾಡಿಯೇ ಹೆಸರಾದ ಬಾಲಗಂಧರ್ವರ ಎದುರು ನಿಜವಾದ ಹೆಣ್ಣು ನಿಂತು ಹಾಡುವುದು ಅಂದರೆ ಸಣ್ಣ ಮಾತಲ್ಲ. ಮೆಚ್ಚಿದವರಷ್ಟೇ ಬೈದವರೂ ಇದ್ದರು.

ಅಮೀರಬಾಯಿ ನಟಿಯೋ, ಗಾಯಕಿಯೋ?

ಎರಡೂ. ಆ ಕಾಲಕ್ಕೆ ಇದು ಎರಡು ಬೇರೆ ಕೆಲಸ ಆಗಿರಲಿಲ್ಲ. ಮನೆಯವರೇ ನಾಟಕ ಕಂಪನಿಯಲ್ಲಿದ್ದವರು. ಹಿಂದಿಯ ಮೊದಲ ಟಾಕಿ (ಮಾತಾಡುವ ಸಿನಿಮಾ) 1931ರಲ್ಲಿ ಬಂತು. ಕನ್ನಡದ್ದು 1934ರಲ್ಲಿ. ಅದೇ 1934ರಲ್ಲಿ 'ವಿಷ್ಣು ಭಕ್ತಿ' ಎಂಬ ಹಿಂದಿ ಚಿತ್ರದಲ್ಲಿ ಅಮೀರಬಾಯಿಗೆ ಅವಕಾಶ ಸಿಕ್ಕಿತು. ದಾರಿ ಮಾಡಿಕೊಟ್ಟವರು ಅಕ್ಕ ಗೌಹರಬಾಯಿ.

ಆಗ ನಟಿ ಕ್ಯಾಮೆರಾ ಎದುರು ನಿಂತೇ ಹಾಡಬೇಕಿತ್ತು. ಹಿನ್ನೆಲೆ ಗಾಯನ ಅನ್ನುವುದು 1935ರಿಂದ ಮೆಲ್ಲಗೆ ಶುರುವಾಯಿತು. ಅದು ಗಟ್ಟಿಯಾಗಲು ಇನ್ನೂ ಹತ್ತು ವರ್ಷ ಹಿಡಿಯಿತು. ಅಮೀರಬಾಯಿಯ ಕೆಲಸ ಬಿದ್ದಿದ್ದು ಸರಿಯಾಗಿ ಈ ನಡುವಿನ ಕಾಲದಲ್ಲಿ. ಮೊದಲು ತಾವೇ ನಟಿಸಿ ಹಾಡಿದರು. ಆಮೇಲೆ ಬೇರೆ ನಟಿಯರಿಗೆ ದನಿ ಕೊಟ್ಟರು. ಕೊನೆಗೆ ಹಾಡು ಕಡಿಮೆಯಾಗಿ ಸಣ್ಣಪುಟ್ಟ ಪಾತ್ರಗಳಲ್ಲಿ ಮತ್ತೆ ಪರದೆ ಮೇಲೆ ಬಂದರು.

ಗಾಂಧೀಜಿಗೆ ಇಷ್ಟವಾದ 'ವೈಷ್ಣವ ಜನತೋ' ಹಾಡಿದ್ದು ಇವರೇನಾ?

1940ರ 'ನರಸೀ ಭಗತ್' ಚಿತ್ರದಲ್ಲಿ ಹಾಡಿದ್ದಾರೆ, ವಿಷ್ಣುಪಂತ ಪಾಗನೀಸರ ಜೊತೆ. ನಿರ್ದೇಶಕ ವಿಜಯ್ ಭಟ್. ಭಜನೆ ಮಾತ್ರ ಸಿನಿಮಾದ್ದಲ್ಲ. ಅದು 15ನೇ ಶತಮಾನದ ಗುಜರಾತಿ ಸಂತಕವಿ ನರಸಿಂಹ ಮೆಹತಾ ರಚನೆ. ಗಾಂಧೀಜಿಯ ಪ್ರಾರ್ಥನೆಯಲ್ಲಿ ಅದು ಮೊದಲಿನಿಂದಲೂ ಇತ್ತು. ನಮ್ಮ ಕಡೆ ಕೆಲವರು ಅಮೀರಬಾಯಿ ಹಾಡಿದ ಮೇಲೇ ಗಾಂಧೀಜಿಗೆ ಆ ಹಾಡು ಗೊತ್ತಾಯಿತು ಅನ್ನುವ ಮಟ್ಟಕ್ಕೆ ಹೋಗುತ್ತಾರೆ. ಅಷ್ಟೆಲ್ಲ ಏರಿಸುವುದು ಬೇಡ. ಬೀಳಗಿಯಿಂದ ಹೋದ ಹುಡುಗಿ ಗುಜರಾತಿ ಭಜನೆಯನ್ನು ಗುಜರಾತಿಗಳೇ ಮೆಚ್ಚುವಂತೆ ಹಾಡಿದರು. ಅದೇ ಸಾಕಷ್ಟು ದೊಡ್ಡದು. 1946ರ 'ರಾಣಕದೇವಿ' ಎಂಬ ಗುಜರಾತಿ ಚಿತ್ರಕ್ಕೂ ಅವರನ್ನೇ ಕರೆದರು ಅಂದರೆ ಆ ಭಾಷೆ ಅವರ ಬಾಯಲ್ಲಿ ಎಷ್ಟು ಚೆನ್ನಾಗಿ ಕೂತಿತ್ತು ನೋಡಿ.

'ಕಿಸ್ಮತ್' ಬಗ್ಗೆ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಇವರದು ಎಷ್ಟು ಪಾಲು?

ಬಹುಪಾಲು ಇವರದೇ. ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಬಾಂಬೆ ಟಾಕೀಸ್ ಎಂಬ ಸಿನಿಮಾ ಕಂಪನಿಯವರು 1943ರಲ್ಲಿ ಬಿಡುಗಡೆ ಮಾಡಿದ ಚಿತ್ರ. ನಿರ್ದೇಶನ ಗ್ಯಾನ್ ಮುಖರ್ಜಿ. ಅಶೋಕ್ ಕುಮಾರ್ ಕಳ್ಳನ ಪಾತ್ರ, ನಾಯಕಿ ಮುಮ್ತಾಜ್ ಶಾಂತಿ. ಸಂಗೀತ ಅನಿಲ್ ಬಿಸ್ವಾಸ್. ಹಾಡು ಬರೆದವರು ಕವಿ ಪ್ರದೀಪ್. ಕಲ್ಕತ್ತದ ರಾಕ್ಸಿ ಚಿತ್ರಮಂದಿರದಲ್ಲಿ ಇದು ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು.

ನಾಯಕಿಯ ದನಿ ಹೆಚ್ಚಾಗಿ ಅಮೀರಬಾಯಿಯದು. 'ಧೀರೇ ಧೀರೇ ಆ ರೇ ಬಾದಲ್' ಜೋಗುಳದ ಧಾಟಿಯದು. ಮೋಡಕ್ಕೆ ಮೆಲ್ಲಗೆ ಬಾ ಅನ್ನುವ ಹಾಡು. ಅದರಲ್ಲಿ ಅಶೋಕ್ ಕುಮಾರ್ ಜೊತೆಗೆ ಹಾಡಿದ್ದೂ ಇದೆ. 'ಅಬ್ ತೇರೇ ಸಿವಾ ಕೌನ್ ಮೇರಾ' ಕೃಷ್ಣನನ್ನು ಕರೆಯುವ ಭಜನೆ. 'ಘರ್ ಘರ್ ಮೇಂ ದಿವಾಲಿ ಹೈ' ಊರೆಲ್ಲ ಹಬ್ಬ ಮಾಡುವಾಗ ತನ್ನ ಮನೆ ಕತ್ತಲು ಅನ್ನುವ ದುಃಖದ ಹಾಡು. ಒಂದೇ ಚಿತ್ರದಲ್ಲಿ ಜೋಗುಳ, ಭಜನೆ, ಅಳು. ದನಿ ಪ್ರತಿ ಸಲ ಬೇರೆ ಥರ ನಿಲ್ಲುತ್ತದೆ. ಇದೇ ಚಿತ್ರದ 'ಪಪೀಹಾ ರೇ' ಹಾಡನ್ನೂ ಇವರ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಅದು ಪಾರುಲ್ ಘೋಷ್ ಅವರದು, ಅನಿಲ್ ಬಿಸ್ವಾಸರ ತಂಗಿ.

ಇನ್ನು 'ದೂರ್ ಹಟೋ ಐ ದುನಿಯಾವಾಲೋ'. ಅಮೀರಬಾಯಿ, ಖಾನ್ ಮಸ್ತಾನಾ ಮತ್ತು ಮೇಳ. 1942ರ ಕ್ವಿಟ್ ಇಂಡಿಯಾ ಚಳವಳಿಯಾಗಿ ಕೆಲವೇ ತಿಂಗಳಾಗಿತ್ತು. ನಾಯಕರೆಲ್ಲ ಜೈಲಿನಲ್ಲಿದ್ದರು. ಆಗ ಹಿಂದೂಸ್ತಾನ ನಮ್ಮದು, ದೂರ ಸರಿಯಿರಿ ಅಂತ ಹಾಡಿದರೆ ಬ್ರಿಟಿಷ್ ಸೆನ್ಸಾರ್ ಬಿಡುತ್ತದಾ? ಪ್ರದೀಪ್ ಒಂದು ಉಪಾಯ ಮಾಡಿದರು. ಹಾಡಿನ ಒಳಗೆ ಜರ್ಮನ್ನರ, ಜಪಾನಿಯರ ಹೆಸರು ಹಾಕಿದರು. ಯುದ್ಧದ ಶತ್ರುಗಳಿಗೆ ಹೇಳಿದ ಹಾಡು ಅಂತ ಸೆನ್ಸಾರಿನವರು ಬಿಟ್ಟರು. ಥಿಯೇಟರಿನಲ್ಲಿ ಕೂತವರಿಗೆ ಯಾರಿಗೆ ಹೇಳಿದ್ದು ಅಂತ ಗೊತ್ತಿತ್ತು. ಜನ ಮತ್ತೆ ಮತ್ತೆ ಆ ರೀಲು ಹಾಕಿಸಿ ನೋಡಿದರು. ಸರ್ಕಾರಕ್ಕೆ ತಡವಾಗಿ ಅರ್ಥವಾಯಿತು. ಪ್ರದೀಪ್ ಬಂಧನದ ಭಯಕ್ಕೆ ಕೆಲ ಕಾಲ ತಲೆಮರೆಸಿಕೊಂಡರು.

ಚಿತ್ರದಲ್ಲಿ ಈ ಹಾಡು ಬರುವುದು ಒಂದು ನಾಟಕದ ವೇದಿಕೆ ಮೇಲೆ. ಕಂಪನಿ ನಾಟಕ ನೋಡಿ ಬೆಳೆದವರು ಇದನ್ನು ಒಮ್ಮೆ ಗಮನಿಸಿ ಕೇಳಬೇಕು. ಕೊನೆಯ ಸಾಲಿನ ಗಿರಾಕಿಗೂ ಕೇಳುವಂತೆ ಎತ್ತರಿಸಿ ಹಾಡುವ ಆ ರೀತಿ ಸ್ಟುಡಿಯೋದಲ್ಲಿ ಕಲಿತದ್ದಲ್ಲ.

ಇವರು ಹಾಡು ಬರೆಯುತ್ತಿದ್ದರಾ? ರಾಗ ಹಾಕುತ್ತಿದ್ದರಾ?

ಹೆಸರಾದ ಸಿನಿಮಾ ಹಾಡುಗಳ ಸಾಹಿತ್ಯ ಬೇರೆಯವರದು. 'ಕಿಸ್ಮತ್' ಪ್ರದೀಪರದು, 'ರತನ್' ಡಿ.ಎನ್. ಮಧೋಕ್ ಅವರದು, 'ಶೆಹನಾಯಿ' ಪಿ.ಎಲ್. ಸಂತೋಷಿಯವರದು. ಆದರೆ ಸಂಗೀತ ನಿರ್ದೇಶನ ಮಾಡಿದ್ದಾರೆ. 1948ರ 'ಶೆಹನಾಜ್' ಚಿತ್ರಕ್ಕೆ ಸಂಗೀತ ಅಮೀರಬಾಯಿಯದೇ. ಹೆಂಗಸರಲ್ಲಿ ಇವರೇ ಮೊದಲಲ್ಲ. ಜದ್ದನಬಾಯಿ, ಬಾಂಬೆ ಟಾಕೀಸಿನ ಸರಸ್ವತೀ ದೇವಿ ಮೊದಲೇ ಇದ್ದರು. ಆದರೂ ಎಣಿಸಿದರೆ ಬೆರಳೆಣಿಕೆ ಮಂದಿ. ಇವರ ಹಾಡಿನ ಬಗ್ಗೆ ಮಾತಾಡುವವರು ಈ ಚಿತ್ರವನ್ನು ಮರೆತೇಬಿಡುತ್ತಾರೆ. ನನಗೆ ಕೇಳಿದರೆ, ಬೇರೆಲ್ಲ ಬಿರುದಿಗಿಂತ ಇದನ್ನು ಮೊದಲು ಹೇಳಬೇಕು.

'ರತನ್' ಚಿತ್ರದ 'ಅಖಿಯಾಂ' ಹಾಡು ಇವರದೇ ಅಲ್ವಾ?

ಯಾವ 'ಅಖಿಯಾಂ'? 1944ರ 'ರತನ್'ನಲ್ಲಿ ಎರಡಿವೆ. ಸಂಗೀತ ನೌಷಾದ್. 'ಅಖಿಯಾಂ ಮಿಲಾಕೇ' ಹಾಡಿದ್ದು ಜೊಹರಾಬಾಯಿ ಅಂಬಾಲೇವಾಲಿ. 'ಮಿಲ್‌ಕೇ ಬಿಛಡ್ ಗಯೀ ಅಖಿಯಾಂ' ಹಾಡಿದ್ದು ಅಮೀರಬಾಯಿ. ಮೊದಲನೆಯದು ಕಣ್ಣು ಕೂಡಿದ ಹಾಡು, ಎರಡನೆಯದು ಅಗಲಿದ ಹಾಡು. ಅಗಲಿಕೆಯದನ್ನು ಅಮೀರಬಾಯಿಗೆ ಕೊಟ್ಟಿದ್ದು ಸುಮ್ನೆ ಅಲ್ಲ ಅನಿಸುತ್ತದೆ. ಆ ದನಿಯಲ್ಲಿ ಅಳು ಇರುತ್ತದೆ, ಆದರೆ ಗೋಗರೆಯುವುದಿಲ್ಲ.

ದನಿ ಈಗಿನ ಕಿವಿಗೆ ಗಡುಸು ಅನಿಸುತ್ತದೆ. ಯಾಕೆ?

ಒಳ್ಳೆಯ ಪ್ರಶ್ನೆ. ಮೂರು ಕಾರಣ ಒಟ್ಟಿಗೆ ಕೆಲಸ ಮಾಡುತ್ತವೆ.

ನಾಟಕ ಕಂಪನಿಯಲ್ಲಿ ಮೈಕ್ ಇರಲಿಲ್ಲ. ತಗಡಿನ ಥಿಯೇಟರು, ಎದುರಿಗೆ ನೂರಾರು ಜನ, ಕಾಲಿನಿಂದ ಒತ್ತುವ ಹಾರ್ಮೋನಿಯಂ ಸದ್ದು. ಅದರ ಮೇಲೆ ಹಾಡು ಕೇಳಬೇಕು ಅಂದರೆ ದನಿಯನ್ನು ಮುಂದಕ್ಕೆ ಎಸೆಯಬೇಕು. ಹಾಗಾಗಿ ಆ ಪೀಳಿಗೆಯ ಗಾಯಕಿಯರು ತೆರೆದ ಕಂಠದವರು. ಪಿಸುಮಾತಿನಲ್ಲಿ ಹಾಡುವುದು ಮೈಕ್ ಬಂದ ಮೇಲಿನ ಅಭ್ಯಾಸ.

ಮೈಕ್ ಇಟ್ಟು ರೆಕಾರ್ಡ್ ಮಾಡುವುದು 1925ರ ನಂತರ ಬಂತು. ಅದಕ್ಕೂ ಮೊದಲು ತಗಡಿನ ಕೊಂಬಿನೊಳಗೆ ಜೋರಾಗಿ ಹಾಡಬೇಕಿತ್ತು. ಅಮೀರಬಾಯಿ ಹಾಡುವ ಹೊತ್ತಿಗೆ ಮೈಕ್ ಇತ್ತು ನಿಜ. ಆದರೆ ಸ್ಟುಡಿಯೋದಲ್ಲಿ ಒಂದೋ ಎರಡೋ ಮೈಕು. ಹಾಡುವವರು, ವಾದ್ಯದವರು ಒಟ್ಟಿಗೇ ನುಡಿಸಬೇಕು. ತಪ್ಪಿದರೆ ಮೊದಲಿನಿಂದ. ತುಂಡು ತುಂಡು ಹಾಡಿ ಜೋಡಿಸುವ ಸೌಲಭ್ಯ ಇಲ್ಲ.

ಮೂರನೆಯದು ಪ್ಲೇಟು. ನಾವು ಈಗ ಇಂಟರ್ನೆಟ್ಟಿನಲ್ಲಿ ಕೇಳುವುದು ಹೆಚ್ಚಾಗಿ ಸವೆದ ಪ್ಲೇಟಿನ ದನಿ. ತೀರಾ ಕೆಳಗಿನ ಸ್ವರ, ತೀರಾ ಮೇಲಿನ ಸ್ವರ ಎರಡೂ ಅದರಲ್ಲಿ ಸರಿಯಾಗಿ ಉಳಿದಿರುವುದಿಲ್ಲ. ನಡುವಿನ ದನಿ ಮಾತ್ರ ಮುಂದೆ ಬರುತ್ತದೆ. ಅದಕ್ಕೇ ಮೂಗಿನಿಂದ ಹಾಡಿದಂತೆ ಕೇಳಿಸುತ್ತದೆ. ಕೆಲವರು ಸರ್ರೆಂಬ ಸದ್ದು ತೆಗೆಯಲು ಹೋಗಿ ಇದ್ದಬದ್ದ ದನಿಯನ್ನೂ ತೊಳೆದುಬಿಟ್ಟಿರುತ್ತಾರೆ. ಅಂಥದ್ದಕ್ಕಿಂತ ಸದ್ದಿರುವ ಕಾಪಿಯೇ ವಾಸಿ. ನಾಲ್ಕು ಹಾಡು ಕೇಳುವಷ್ಟರಲ್ಲಿ ಕಿವಿ ಆ ಸದ್ದನ್ನು ಮರೆತುಬಿಡುತ್ತದೆ.

ಹಳೇ ಹಾಡು ಎಲ್ಲ ಮೂರೇ ನಿಮಿಷ ಯಾಕೆ?

10 ಇಂಚಿನ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಒಂದು ಬದಿಗೆ ಮೂರು, ಮೂರೂಕಾಲು ನಿಮಿಷ ಹಿಡಿಯುತ್ತದೆ, ಅಷ್ಟೇ. ಸಿನಿಮಾದಲ್ಲಿ ಹಾಡು ಉದ್ದವಿದ್ದರೆ ಪ್ಲೇಟಿಗೆ ಚರಣ ಕಡಿಮೆ ಮಾಡುತ್ತಿದ್ದರು, ಇಲ್ಲವೇ ಎರಡು ಬದಿಗೆ ಹಂಚುತ್ತಿದ್ದರು. ಹಾಗಾಗಿ ಚಿತ್ರದ ಹಾಡು, ಪ್ಲೇಟಿನ ಹಾಡು ಎಷ್ಟೋ ಸಲ ಬೇರೆ ಬೇರೆ.

ಒಟ್ಟು ಎಷ್ಟು ಹಾಡು ಹಾಡಿದ್ದಾರೆ?

ಸಾಮಾನ್ಯವಾಗಿ ಹೇಳುವ ಲೆಕ್ಕ ಸುಮಾರು 150 ಚಿತ್ರ, 380ರಷ್ಟು ಹಾಡು. ಇದನ್ನು ಅಂದಾಜು ಅಂತಲೇ ಇಟ್ಟುಕೊಳ್ಳಿ. ಆ ಕಾಲದ ಪ್ಲೇಟುಗಳ ಮೇಲೆ ಹಾಡಿದವರ ಹೆಸರು ಇರಲೇಬೇಕು ಅಂತಿರಲಿಲ್ಲ. ಕೆಲವು ಸಲ ಚಿತ್ರದ ಪಾತ್ರದ ಹೆಸರೇ ಹಾಕುತ್ತಿದ್ದರು. 1949ರ 'ಮಹಲ್' ಚಿತ್ರದ 'ಆಯೇಗಾ ಆನೇವಾಲಾ' ಪ್ಲೇಟಿನ ಮೇಲೆ ಲತಾ ಮಂಗೇಶ್ಕರ್ ಹೆಸರಿರಲಿಲ್ಲ, 'ಕಾಮಿನಿ' ಅಂತ ಪಾತ್ರದ ಹೆಸರಿತ್ತು. ಲತಾಗೇ ಹೀಗಾದ ಮೇಲೆ ಉಳಿದವರ ಪಾಡು ಕೇಳಬೇಕಾ?

ಹೊಸಬರು ಯಾವ ಹಾಡಿನಿಂದ ಶುರು ಮಾಡಬೇಕು?

'ಧೀರೇ ಧೀರೇ ಆ ರೇ ಬಾದಲ್'ನಿಂದ. ಅದು ಯಾರ ಕಿವಿಗೂ ಕಷ್ಟವಾಗುವುದಿಲ್ಲ. ಆಮೇಲೆ 'ರತನ್' ಹಾಡು. ಮೂರನೆಯದಾಗಿ 1947ರ 'ಶೆಹನಾಯಿ' ಚಿತ್ರದ 'ಮಾರ್ ಕಟಾರಿ ಮರ್ ಜಾನಾ', ಸಿ. ರಾಮಚಂದ್ರರ ಸಂಗೀತ. ಅದೇ ಚಿತ್ರದ 'ಸಂಡೇ ಕೇ ಸಂಡೇ' ಹಾಡಿನ ಗದ್ದಲದಲ್ಲಿ ಇದು ಸ್ವಲ್ಪ ಹಿಂದೆ ಬಿತ್ತು. ಕಣ್ಣು ಕೂಡಿಸಬೇಡಿ, ಅದಕ್ಕಿಂತ ಕತ್ತಿಯೇ ವಾಸಿ ಅನ್ನುವ ಹಾಡು. ಎದೆ ಬಡಿದುಕೊಳ್ಳದೆ ಹಾಡಿದ್ದಾರೆ.

ಲತಾ ಬಂದ ಮೇಲೆ ಇವರನ್ನು ಮೂಲೆಗೆ ತಳ್ಳಿದರು ಅಂತಾರಲ್ಲ?

1949ರಲ್ಲಿ 'ಮಹಲ್', 'ಬರಸಾತ್', 'ಅಂದಾಜ್' ಸಾಲಾಗಿ ಬಂದವು. ಸಂಗೀತ ನಿರ್ದೇಶಕರಿಗೆ ತೆಳ್ಳನೆಯ, ಎತ್ತರಕ್ಕೆ ಸಲೀಸಾಗಿ ಹೋಗುವ ದನಿ ಬೇಕಾಯಿತು. ವಾದ್ಯಗೋಷ್ಠಿ ದೊಡ್ಡದಾಯಿತು. ಮೈಕ್ ಸುಧಾರಿಸಿತು. ತೆರೆದ ಕಂಠದ ಅಗತ್ಯವೇ ಕಡಿಮೆಯಾಯಿತು. ಜೊಹರಾಬಾಯಿ, ರಾಜಕುಮಾರಿ, ಅಮೀರಬಾಯಿ ಎಲ್ಲರಿಗೂ ಒಂದೇ ಹೊತ್ತಿಗೆ ಹಾಡು ಕಡಿಮೆಯಾದವು. ಇದರಲ್ಲಿ ಒಬ್ಬರ ಸಂಚು ಹುಡುಕುವುದು ನನಗೆ ಒಪ್ಪಿಗೆ ಇಲ್ಲ. ರುಚಿ ಬದಲಾಯಿತು, ಯಂತ್ರ ಬದಲಾಯಿತು.

ಇಬ್ಬರೂ ಒಟ್ಟಿಗೆ ಹಾಡಿದ್ದು ಕೇಳಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. 1950ರ 'ಸಮಾಧಿ' ಚಿತ್ರದ 'ಗೋರೇ ಗೋರೇ ಓ ಬಾಂಕೇ ಛೋರೇ'. ಈಗಲೂ ಮದುವೆ ಮನೆಯಲ್ಲಿ ಹಾಕುತ್ತಾರೆ. ಅದರಲ್ಲಿ ಲತಾ ಜೊತೆಗಿರುವ ಇನ್ನೊಂದು ದನಿ ನಮ್ಮ ಅಮೀರಬಾಯಿಯದು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಲ್ಯಾಟಿನ್ ಅಮೆರಿಕದ ಕುಣಿತದ ಧಾಟಿ, ಸಿ. ರಾಮಚಂದ್ರರ ಕೈಚಳಕ. ನಾಟಕ ಕಂಪನಿಯ ಗಾಯಕಿ ಅದರಲ್ಲೂ ತಾಳ ತಪ್ಪದೆ ಕುಣಿಸಿದ್ದಾರೆ.

ಸಂಸಾರ ಜೀವನ?

ಮೊದಲ ಗಂಡ ಹಿಮಾಲಯವಾಲಾ ಎಂಬ ನಟ. ಆ ಮದುವೆ ಸುಖದ್ದಾಗಿರಲಿಲ್ಲ, ಬೇರೆಯಾದರು. ಆತ ದೇಶ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋದ. ಆಮೇಲೆ 'ಪಾರಸ್' ಪತ್ರಿಕೆಯ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. ಅಮೀರಬಾಯಿ ತೀರಿಕೊಂಡಿದ್ದು 1965ರ ಮಾರ್ಚ್ 3ರಂದು.

ವಿಜಯಪುರದ ಅಮೀರ್ ಟಾಕೀಸಿಗೂ ಇವರಿಗೂ ಸಂಬಂಧ ಇದೆಯಾ?

ಇದೆ. ಆ ಟಾಕೀಸು ಇವರ ಹೆಸರಿನದೇ. ಅಲ್ಲಿ ಸಿನಿಮಾ ನೋಡಿದ ಅರ್ಧಕ್ಕರ್ಧ ಜನ ಅಮೀರ್ ಅಂದರೆ ಯಾರೋ ಸಾಹುಕಾರ ಅಂದುಕೊಂಡಿದ್ದಾರೆ.

ಮನೆಯಲ್ಲಿ ಅಜ್ಜನ ಕಾಲದ ಪ್ಲೇಟು ಸಿಕ್ಕಿವೆ. ತೊಳೆಯಬಹುದಾ?

ತೊಳೆಯಬಹುದು, ಆದರೆ ಸ್ಪಿರಿಟ್, ಸ್ಯಾನಿಟೈಜರ್ ಮಾತ್ರ ಮುಟ್ಟಿಸಬೇಡಿ. ಈ ಪ್ಲೇಟು ಪ್ಲಾಸ್ಟಿಕ್ಕಿನದಲ್ಲ. ಅರಗಿಗೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಒತ್ತಿದ್ದು. ಸ್ಪಿರಿಟ್ ಬಿದ್ದರೆ ಅರಗು ಕರಗುತ್ತದೆ, ಗೆರೆ ಹಾಳಾಗುತ್ತದೆ. ತಣ್ಣೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತನೆ ಬಟ್ಟೆಯಿಂದ ಗೆರೆ ಸುತ್ತುವ ದಿಕ್ಕಿನಲ್ಲೇ ಒರೆಸಿ. ನಡುವಿನ ಕಾಗದದ ಲೇಬಲ್ ನೆನೆಯಬಾರದು. ಒಣಗಿಸುವುದು ನೆರಳಲ್ಲಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಇಟ್ಟರೆ ಹಪ್ಪಳದಂತೆ ಬಾಗುತ್ತದೆ. ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ ಇಡಿ. ಕೆಳಗೆ ಬಿದ್ದರೆ ಗಾಜಿನ ಹಾಗೆ ಒಡೆಯುತ್ತದೆ.

ಕೇಳಬೇಕಾದರೆ ಎಲ್‌ಪಿ (ಆಮೇಲೆ ಬಂದ ಪ್ಲಾಸ್ಟಿಕ್ ರೆಕಾರ್ಡು) ಮುಳ್ಳು ನಡೆಯುವುದಿಲ್ಲ. ಈ ಪ್ಲೇಟಿನ ಗೆರೆ ಅಗಲ. ಅದಕ್ಕೆ ಸುಮಾರು 75 ಮೈಕ್ರಾನಿನ ದಪ್ಪ ಮುಳ್ಳು ಬೇಕು, ಎಲ್‌ಪಿಯದು ಅದರ ಮೂರನೇ ಒಂದು ಭಾಗ. ಕೀಲಿ ಕೊಡುವ ಹಳೇ ಗ್ರಾಮಫೋನಿನಲ್ಲಿ ಹಾಕುವುದಾದರೆ ಪ್ರತಿ ಬದಿಗೂ ಹೊಸ ಉಕ್ಕಿನ ಮುಳ್ಳು ಬದಲಿಸಿ. ಒಂದೇ ಮುಳ್ಳಿನಲ್ಲಿ ಹತ್ತು ಪ್ಲೇಟು ಕೇಳಿದರೆ ಹತ್ತೂ ಸವೆಯುತ್ತವೆ. ನಿಜವಾಗಿ ಉಳಿಸಬೇಕು ಅನ್ನುವವರು ಒಂದೇ ಸಲ ಒಳ್ಳೆಯ ಟರ್ನ್‌ಟೇಬಲ್‌ನಲ್ಲಿ ಹಾಕಿ ಕಂಪ್ಯೂಟರಿಗೆ ಇಳಿಸಿಕೊಂಡು ಪ್ಲೇಟನ್ನು ಎತ್ತಿಟ್ಟುಬಿಡಿ.

ಹಾಗೆ ಇಳಿಸಿದ್ದನ್ನು ಯೂಟ್ಯೂಬಿಗೆ ಹಾಕಬಹುದಾ?

ಭಾರತದ ಕಾನೂನಿನಲ್ಲಿ ರೆಕಾರ್ಡಿಂಗಿನ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 'ಕಿಸ್ಮತ್' ರೆಕಾರ್ಡಿಂಗಿನ ಅವಧಿ 2003ಕ್ಕೆ ಮುಗಿಯಿತು, 'ಸಮಾಧಿ'ಯದು 2010ಕ್ಕೆ. ಆದರೆ ಪದ ಮತ್ತು ಧಾಟಿಯ ಹಕ್ಕು ಬೇರೆ. ಅದು ಬರೆದವರು ತೀರಿಕೊಂಡ ಮೇಲೆ 60 ವರ್ಷ. ಪ್ರದೀಪ್ ತೀರಿಕೊಂಡಿದ್ದು 1998ರಲ್ಲಿ, ಅನಿಲ್ ಬಿಸ್ವಾಸ್ 2003ರಲ್ಲಿ. ಅವರ ಪದ, ಧಾಟಿ ಇನ್ನೂ ಹಕ್ಕಿನೊಳಗೇ ಇವೆ. ನರಸಿಂಹ ಮೆಹತಾರ ಪದಕ್ಕೆ ಆ ತೊಂದರೆ ಇಲ್ಲ. ಯೂಟ್ಯೂಬಿನ ಯಂತ್ರ ಈ ಲೆಕ್ಕವನ್ನೆಲ್ಲ ನೋಡುವುದಿಲ್ಲ, ದನಿ ಹೊಂದಿದರೆ ತಕರಾರು ಕಳಿಸುತ್ತದೆ. ಹಾಗಾಗಿ ಹಾಡಿನಿಂದ ದುಡ್ಡು ಮಾಡುವ ಯೋಚನೆ ಬಿಡಿ. ಹಾಕುವುದಾದರೆ ಲೇಬಲ್ಲಿನ ಎರಡೂ ಬದಿಯ ಫೋಟೋ, ಅದರ ಮೇಲಿನ ನಂಬರು, ಚಿತ್ರದ ಹೆಸರು, ವರ್ಷ, ಪದ ಬರೆದವರು, ಸಂಗೀತ ಮಾಡಿದವರು ಎಲ್ಲ ಬರೆಯಿರಿ. ಲೇಬಲ್ ಮೇಲೆ ಅಮೀರಬಾಯಿ ಹೆಸರಿಲ್ಲದಿದ್ದರೆ ಅದನ್ನೂ ಬರೆಯಿರಿ.